ಹಳೆಯ ಖಾತೆ ಹೋಯಿತು, ಬೀಗ ಉಳಿಯಿತು

ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆ ಹಳೆಯ ಆಟದ ಫೋಲ್ಡರ್ ತೆರೆಯದೆ ಪರದಾಡುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅವರಿಗೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ಎಲ್ಲ ಬಳಕೆದಾರರೂ ಸೇರುವ "ಎವೆರಿವನ್" ಎಂಬ ಗುಂಪಿಗೆ "ಫುಲ್ ಕಂಟ್ರೋಲ್", ಅಂದರೆ ಪೂರ್ಣ ಅಧಿಕಾರ, ಕೊಟ್ಟುಬಿಡಿ, ಮುಗಿಯಿತು. ನಾನು ಆ ದಾರಿ ಹಿಡಿಯಲಿಲ್ಲ. ಏಕೆ ಹಿಡಿಯಲಿಲ್ಲ, ಬದಲಿಗೆ ಏನು ಮಾಡಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮದು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಹಗಲು ನಾನು ಲೆಕ್ಕಪತ್ರದ ಕೆಲಸಕ್ಕೆ ಬಳಸುತ್ತೇನೆ, ರಾತ್ರಿ ಡಿಪ್ಲೊಮಾ ಓದುವ ತಮ್ಮನ ಪಾಲಿಗೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ಏಳುವಷ್ಟರಲ್ಲಿ ಚಹಾ ಕಾಯಿಸಿ ಕುಡಿಯಬಹುದಾಗಿತ್ತು. ಅದಕ್ಕೆ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿದೆವು. ಅಂಗಡಿಯವರು ಹೊಸ ವಿಂಡೋಸನ್ನು ಎಸ್‌ಎಸ್‌ಡಿಯ ಮೇಲೆ ಹಾಕಿ, ಹಳೆಯ ಡಿಸ್ಕನ್ನು ಅಳಿಸದೆ ಹಾಗೆಯೇ ಒಳಗೆ ಬಿಟ್ಟರು. ಮೊದಲು ಸಿ ಆಗಿದ್ದ ಭಾಗ ಈಗ ಇ ಆಯಿತು. ಡಿ ಮಾತ್ರ ಡಿಯಾಗಿಯೇ ಉಳಿಯಿತು.

ಆ ಡಿಯಲ್ಲಿ ತಮ್ಮನ ಆಟದ ಫೋಲ್ಡರ್ ಇತ್ತು. ಅವನು ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2. 2012ರಲ್ಲಿ ಬಂದ, ಯುರೋಪಿನ ಹೆದ್ದಾರಿಗಳಲ್ಲಿ ಲಾರಿ ಓಡಿಸುವ ಆಟ. ಇದಕ್ಕೆ ಹೊರಗಿನವರು ತಯಾರಿಸಿದ ಬಸ್ಸು, ರಸ್ತೆ, ಬಣ್ಣ ಎಲ್ಲವನ್ನೂ ಸೇರಿಸಬಹುದು. ಇವುಗಳಿಗೆ ಮಾಡ್ ಎನ್ನುತ್ತಾರೆ. ತಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಬಣ್ಣವನ್ನು ತಾನೇ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಕೂತು ಮಾಡಿದ್ದ. ಮುಂದಿನ ಫಲಕದಲ್ಲಿ ಕನ್ನಡದಲ್ಲಿ "ಕೊಪ್ಪಳ – ಗಂಗಾವತಿ – ಕಾರಟಗಿ – ಸಿಂಧನೂರು – ರಾಯಚೂರು". ಅಕ್ಷರ ನುಣುಪಾಗಿ ಕಾಣಬೇಕೆಂದು ಫಲಕವನ್ನು ಎಷ್ಟೋ ಸಲ ತಿದ್ದಿದ್ದಾನೆ. ಆಟವನ್ನಾದರೆ ಮತ್ತೆ ಇಳಿಸಿಕೊಳ್ಳಬಹುದು, ಹತ್ತಾರು ಜಿಬಿ ಡೇಟಾ ಖರ್ಚಾಗುತ್ತದೆ, ಅಷ್ಟೇ. ಈ ಚಿತ್ರಗಳನ್ನು ಎಲ್ಲಿಂದ ಇಳಿಸಿಕೊಳ್ಳುವುದು? ನನಗೆ ಮುಖ್ಯವಾಗಿದ್ದದ್ದು ಅವೇ.

ಡಿಯ ಫೋಲ್ಡರಿನ ಮೇಲೆ ಎರಡು ಸಲ ಒತ್ತಿದರೆ, ಇದನ್ನು ತೆರೆಯಲು ಸದ್ಯ ನಿಮಗೆ ಅನುಮತಿ ಇಲ್ಲ, ಬೇಕಿದ್ದರೆ "ಕಂಟಿನ್ಯೂ" ಒತ್ತಿ ಎಂಬ ಸಂದೇಶ ಬಂದಿತು. ಒತ್ತಿದಾಗ ಇನ್ನೊಂದು ಸಂದೇಶ: ನಿಮಗೆ ಪ್ರವೇಶ ನಿರಾಕರಿಸಲಾಗಿದೆ, ಸೆಕ್ಯೂರಿಟಿ ಟ್ಯಾಬ್ ಬಳಸಬೇಕು. ಆ ಟ್ಯಾಬಿಗೆ ಹೋದರೆ ಅಲ್ಲಿ ಅನುಮತಿಗಳ ಪಟ್ಟಿಯನ್ನು ನೋಡುವುದಕ್ಕೂ ಅನುಮತಿ ಇಲ್ಲ. ಮಾಲೀಕರು ಯಾರು ಎಂಬ ಜಾಗದಲ್ಲಿ, ಹೆಸರು ತೋರಿಸಲಾಗುತ್ತಿಲ್ಲ ಎಂಬ ಸಾಲು.

"ಹೆಸರು ಅದೇ ಇಟ್ಟಿದ್ದೇವೆ, ಪಾಸ್‌ವರ್ಡ್ ಕೂಡ ಅದೇ. ಮತ್ತೇಕೆ ಅಕ್ಕಾ?" ಎಂದು ತಮ್ಮ ಕೇಳಿದ.

ವಿಷಯದ ಗಂಟು ಇರುವುದೇ ಇಲ್ಲಿ. ವಿಂಡೋಸ್ ನಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ. ಪ್ರತಿ ಖಾತೆಗೂ ಅದು ಒಂದು ಉದ್ದನೆಯ ಗುರುತಿನ ಸಂಖ್ಯೆ ಕೊಡುತ್ತದೆ. ಇದಕ್ಕೆ ಎಸ್‌ಐಡಿ ಎಂದು ಹೆಸರು. ಕಡತದ ಮೇಲೆ ಬರೆದಿಡುವುದು ಆ ಸಂಖ್ಯೆಯನ್ನೇ. ವಿಂಡೋಸನ್ನು ಹೊಸದಾಗಿ ಹಾಕಿದಾಗ ಹೊಸ ಸಂಖ್ಯೆ ಹುಟ್ಟುತ್ತದೆ, ಹೆಸರು ಅದೇ ಇದ್ದರೂ. ಹಳ್ಳಿಯಲ್ಲಿ ಹೊಲ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಮಾಲೀಕನ ಹೆಸರಿಗೆ ಒಂದು ಕಲಂ, ಸಾಗುವಳಿದಾರನ ಹೆಸರಿಗೆ ಇನ್ನೊಂದು ಕಲಂ. ಅಜ್ಜ ತೀರಿಕೊಂಡರೂ ಪಹಣಿಯಲ್ಲಿ ಅಜ್ಜನ ಹೆಸರೇ ಇರುತ್ತದೆ. ಮೊಮ್ಮಗನಿಗೆ ಅಜ್ಜನದೇ ಹೆಸರಿಟ್ಟಿದ್ದರೂ ಹೊಲ ತಾನಾಗಿ ಅವನದಾಗುವುದಿಲ್ಲ, ಪೌತಿ ಖಾತೆ ಆಗಬೇಕು. ಅದನ್ನು ಮಾಡಿಕೊಡುವ ಅಧಿಕಾರಿಗೆ ಆ ಹೊಲದಲ್ಲಿ ಬಿತ್ತುವ ಹಕ್ಕಿಲ್ಲ, ಆದರೆ ದಾಖಲೆ ಬದಲಿಸುವ ಅಧಿಕಾರ ಇದೆ. ವಿಂಡೋಸಿನಲ್ಲಿ ಅಡ್ಮಿನಿಸ್ಟ್ರೇಟರ್ ಇರುವುದು ಆ ಸ್ಥಾನದಲ್ಲಿ. ಫೋಲ್ಡರಿನ ಒಳಗಿನದನ್ನು ಓದುವ ಅನುಮತಿ ಇಲ್ಲದಿದ್ದರೂ ಮಾಲೀಕತ್ವವನ್ನು ಪಡೆದುಕೊಳ್ಳುವ ಅಧಿಕಾರ ಅವನಿಗೆ ಇರುತ್ತದೆ. ಮಾಲೀಕನಾದವನು ಅನುಮತಿಗಳ ಪಟ್ಟಿಯನ್ನು ಓದಬಹುದು, ಬದಲಿಸಬಹುದು.

ಆದರೂ ಒಂದು ಭಯ ಉಳಿದಿತ್ತು. ಅನುಮತಿ ಬೇರೆ, ಗೂಢಲಿಪೀಕರಣ ಬೇರೆ. ವಿಂಡೋಸಿನ ಕೆಲವು ಆವೃತ್ತಿಗಳಲ್ಲಿ ಇಎಫ್‌ಎಸ್ ಎಂಬ ಸೌಲಭ್ಯವಿದೆ. ಫೋಲ್ಡರಿನ ಪ್ರಾಪರ್ಟೀಸಿನಲ್ಲಿ "ಎನ್‌ಕ್ರಿಪ್ಟ್" ಎಂಬ ಚೌಕಕ್ಕೆ ಗುರುತು ಹಾಕಿದರೆ ಕಡತದ ಒಳಗಿನ ಮಾಹಿತಿಯೇ ಬದಲಾಗುತ್ತದೆ, ಅದನ್ನು ತೆರೆಯುವ ಕೀಲಿ ಹಳೆಯ ಖಾತೆಯೊಂದಿಗೆ ಇರುತ್ತದೆ. ಹಾಗಾಗಿದ್ದರೆ ಮಾಲೀಕತ್ವ ಬದಲಿಸಿ ಏನೂ ಉಪಯೋಗವಿಲ್ಲ. ತಮ್ಮನನ್ನು ಕೇಳಿದೆ, ಯಾವ ಚೌಕಕ್ಕೆ ಗುರುತು ಹಾಕಿದ್ದೆ ಎಂದು. ಅವನಿಗೆ ಪೂರ್ತಿ ನೆನಪಿಲ್ಲ. ಗವಿಮಠದ ಜಾತ್ರೆಗೆ ಚಿಕ್ಕಮ್ಮನ ಮಕ್ಕಳು ಬಂದು ಕಂಪ್ಯೂಟರಿನ ಮುಂದೆ ಕೂತಾಗ ಒಮ್ಮೆ ಅವನ ಬಸ್ಸಿನ ಚಿತ್ರ ಅಳಿಸಿಹೋಗಿತ್ತು. ಅದಾದ ಮೇಲೆ ಸೆಕ್ಯೂರಿಟಿ ಟ್ಯಾಬಿನಲ್ಲಿ ಎಲ್ಲರ ಹೆಸರನ್ನೂ ತೆಗೆದು ತನ್ನದೊಂದನ್ನೇ ಉಳಿಸಿದ್ದನಂತೆ. ಮತ್ತೇನು ಮಾಡಿದ್ದೆನೋ ತಿಳಿಯದು ಎಂದ.

ಆದ್ದರಿಂದ ವಿಂಡೋಸಿನಲ್ಲಿ ಏನನ್ನೂ ಮುಟ್ಟುವ ಮೊದಲು, ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸಬಲ್ಲ ಲಿನಕ್ಸನ್ನು ಪೆನ್ ಡ್ರೈವಿನಿಂದ ಹಚ್ಚಿದೆ. ಕಂಪ್ಯೂಟರನ್ನು ಪೂರ್ತಿ ಶಟ್‌ಡೌನ್ ಮಾಡಿ, ಪೆನ್ ಡ್ರೈವಿನಿಂದ ಬೂಟ್ ಮಾಡಿದರೆ ಲಿನಕ್ಸ್ ತಾನಾಗಿ ಏಳುತ್ತದೆ, ಎಸ್‌ಎಸ್‌ಡಿಯಲ್ಲಿ ಏನನ್ನೂ ಹಾಕುವುದಿಲ್ಲ. ಹೀಗೆ ತೆರೆದಾಗ ಅದು ಸಾಮಾನ್ಯವಾಗಿ ವಿಂಡೋಸ್ ಬರೆದಿಟ್ಟ ಅನುಮತಿಯ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಿಯ ಫೋಲ್ಡರ್ ಒಂದು ಪ್ರಶ್ನೆಯನ್ನೂ ಕೇಳದೆ ತೆರೆಯಿತು. ಚಿತ್ರಗಳ ಫೋಲ್ಡರಿಗೆ ಹೋಗಿ ಒಂದರ ಮೇಲೆ ಒತ್ತಿದೆ. ಬಸ್ಸಿನ ಪಕ್ಕ, ಕಿಟಕಿಗಳ ಸಾಲು, ಕನ್ನಡದ ಫಲಕ, ಎಲ್ಲವೂ ಪರದೆಯ ತುಂಬ ಬಂದಿತು. ಗೂಢಲಿಪಿಯಲ್ಲಿದ್ದರೆ ಚಿತ್ರ ಹೀಗೆ ತೆರೆಯುತ್ತಿರಲಿಲ್ಲ. ನನ್ನ ಜೀವಕ್ಕೆ ಜೀವ ಬಂದಂತಾಯಿತು. ಆ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿದ್ದು.

ಇದನ್ನು ಎಲ್ಲರೂ ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ. ಫೋಲ್ಡರಿನ ಅನುಮತಿ ಎನ್ನುವುದು ಮನೆಯ ಮಕ್ಕಳಿಂದ ಕಡತವನ್ನು ಕಾಪಾಡುತ್ತದೆ, ಡಿಸ್ಕನ್ನೇ ಬಿಚ್ಚಿ ಒಯ್ದವರಿಂದ ಕಾಪಾಡುವುದಿಲ್ಲ. ಬ್ಯಾಂಕಿನ ಕಾಗದ, ಆಧಾರಿನ ಪ್ರತಿ ಇಟ್ಟ ಫೋಲ್ಡರಿಗೆ ಇಷ್ಟು ಬೀಗ ಸಾಲದು.

ವಿಂಡೋಸಿಗೆ ಮರಳಿ ಬಂದು, ಕಮಾಂಡುಗಳನ್ನು ಟೈಪ್ ಮಾಡುವ ಕಪ್ಪು ಪರದೆಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ. ಬೇಕಾಗುವುದು ಎರಡು ಕಮಾಂಡುಗಳು. ಮಾಲೀಕತ್ವಕ್ಕೆ ಟೇಕ್‌ಓನ್, ಅನುಮತಿಯ ಪಟ್ಟಿಗೆ ಐ-ಸಿ-ಎ-ಸಿ-ಎಲ್-ಎಸ್ ಎಂದು ಟೈಪ್ ಮಾಡುವ ಐಕ್ಯಾಕಲ್ಸ್. ಕಮಾಂಡಿನ ಜೊತೆ ಬರೆಯುವ ಚಿಕ್ಕ ಸೂಚನೆಗೆ ಸ್ವಿಚ್ ಎನ್ನುತ್ತಾರೆ. ಟೇಕ್‌ಓನಿಗೆ ಆರ್ ಎಂಬ ಸ್ವಿಚ್ ಹಾಕಿದರೆ ಒಳಗಿನ ಎಲ್ಲ ಫೋಲ್ಡರುಗಳಿಗೂ ಹೋಗುತ್ತದೆ, ಡಿ ವೈ ಎಂದು ಸೇರಿಸಿದರೆ ಎಲ್ಲ ಪ್ರಶ್ನೆಗೂ ಹೌದು ಎಂದು ತಾನೇ ಉತ್ತರಿಸಿಕೊಳ್ಳುತ್ತದೆ. ಎಲ್ಲೆಡೆ ಕೊಡುವ ಸಲಹೆ ಇದೇ. ಆದರೆ ಹೌದು ಎನ್ನುತ್ತಿರುವುದು ಯಾವ ಪ್ರಶ್ನೆಗೆ ಎಂದು ಯಾರೂ ಹೇಳುವುದಿಲ್ಲ. ತೆರೆಯಲಾಗದ ಫೋಲ್ಡರ್ ಎದುರಾದಾಗ, ಇದರ ಅನುಮತಿಗಳನ್ನು ಅಳಿಸಿ ನಿಮಗೆ ಪೂರ್ಣ ಅಧಿಕಾರ ಬರೆಯಲೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಹಳೆಯ ಪಟ್ಟಿ ಹೋಯಿತು. ಮೊದಲು ಏನು ಬರೆದಿತ್ತು ಎಂದು ತಿಳಿಯುವ ದಾರಿಯೂ ಅಲ್ಲಿಗೆ ಮುಚ್ಚಿತು.

ಹೀಗಾಗಿ ಮೊದಲು ಆರ್ ಇಲ್ಲದೆ ಮೇಲಿನ ಒಂದೇ ಫೋಲ್ಡರಿನ ಮಾಲೀಕತ್ವ ತೆಗೆದುಕೊಂಡೆ. ಎ ಎಂಬ ಸ್ವಿಚ್ ಮಾತ್ರ ಸೇರಿಸಿದೆ. ಅದನ್ನು ಹಾಕಿದರೆ ಮಾಲೀಕತ್ವ ಒಬ್ಬರ ಖಾತೆಗೆ ಹೋಗದೆ ಅಡ್ಮಿನಿಸ್ಟ್ರೇಟರುಗಳ ಗುಂಪಿಗೆ ಹೋಗುತ್ತದೆ. ಆಮೇಲೆ ಐಕ್ಯಾಕಲ್ಸಿಗೆ ಫೋಲ್ಡರಿನ ವಿಳಾಸವನ್ನಷ್ಟೇ ಕೊಟ್ಟು ಪಟ್ಟಿ ಓದಿದೆ. ಇದ್ದದ್ದು ಒಂದೇ ಸಾಲು. ಎಸ್-1-5-21 ಎಂದು ಶುರುವಾಗಿ, ಮೂರು ದೊಡ್ಡ ದೊಡ್ಡ ಸಂಖ್ಯೆಗಳು, ಕೊನೆಗೆ 1001. ಅದರ ಮುಂದೆ ಆವರಣದಲ್ಲಿ ಎಫ್, ಅಂದರೆ ಪೂರ್ಣ ಅಧಿಕಾರ. ಹೆಸರಿಲ್ಲ, ಏಕೆಂದರೆ ಆ ಸಂಖ್ಯೆಯ ಖಾತೆ ಈ ವಿಂಡೋಸಿನಲ್ಲಿ ಇಲ್ಲ. ಕೆಳಗೆ "ಹೂ ಆಮ್ ಐ" ಕಮಾಂಡಿಗೆ ಯೂಸರ್ ಎಂಬ ಸ್ವಿಚ್ ಸೇರಿಸಿ ತಮ್ಮನ ಈಗಿನ ಖಾತೆಯ ಸಂಖ್ಯೆ ತರಿಸಿದೆ. ಅದೂ ಎಸ್-1-5-21, ಕೊನೆಗೆ ಅದೂ 1001. ನಡುವಿನ ಮೂರು ಸಂಖ್ಯೆಗಳು ಮಾತ್ರ ಪೂರ್ತಿ ಬೇರೆ. ತಮ್ಮ ಬೆರಳಿಟ್ಟು ಎರಡು ಸಾಲುಗಳನ್ನು ಒಂದೊಂದೇ ಅಂಕಿಯಂತೆ ಹೋಲಿಸಿದ. ತಲೆ ಒಂದೇ, ಬಾಲ ಒಂದೇ. ನಡುವಿನದು ಆ ವಿಂಡೋಸ್ ಹಾಕಿದಾಗ ಆ ಕಂಪ್ಯೂಟರಿಗೆ ಹುಟ್ಟಿದ ಸಂಖ್ಯೆ, ಕೊನೆಯದು ಅದರೊಳಗೆ ಖಾತೆಯ ಕ್ರಮಸಂಖ್ಯೆ. ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡೆ.

ಇಷ್ಟು ಕಂಡ ಮೇಲೆ ಉಳಿದದ್ದು ಸಲೀಸು. ಒಳಗಿನ ಕಡತಗಳಿಗೂ ಅದೇ ಒಂದು ಸಾಲು ಇಳಿದು ಬಂದಿರುತ್ತದೆ, ಕಳೆದುಕೊಳ್ಳುವಂತಹ ಬೇರೆ ಪಟ್ಟಿ ಅಲ್ಲಿಲ್ಲ. ಮೌಸಿನಿಂದಲೇ ಮಾಡುತ್ತೇನೆ ಎಂದು ತಮ್ಮ ಸೆಕ್ಯೂರಿಟಿ ಟ್ಯಾಬಿನಲ್ಲಿ ತನ್ನ ಹೆಸರು ಸೇರಿಸಲು ನೋಡಿದ. ಒಳಗಿನ ವಸ್ತುಗಳ ಪಟ್ಟಿ ಮಾಡಲಾಗಲಿಲ್ಲ ಎಂಬ ದೋಷ ಬಂದಿತು. ಮೇಲಿನ ಫೋಲ್ಡರ್ ನಮ್ಮದಾಗಿದ್ದರೂ ಒಳಗಿನ ಒಂದೊಂದು ಕಡತದ ಮಾಲೀಕ ಇನ್ನೂ ಆ ಹಳೆಯ ಸಂಖ್ಯೆಯೇ, ಅದಕ್ಕೆ. ಆಗ ಆರ್ ಮತ್ತು ಡಿ ವೈ ಸೇರಿಸಿ ಟೇಕ್‌ಓನ್ ನಡೆಸಿದೆ. ಅದು ಮುಗಿದ ಮೇಲೆ ಐಕ್ಯಾಕಲ್ಸಿಗೆ ರೀಸೆಟ್ ಎಂಬ ಸ್ವಿಚ್, ಒಳಗಿನ ಎಲ್ಲದಕ್ಕೂ ಅನ್ವಯಿಸಲು ಟಿ, ದೋಷ ಬಂದರೂ ನಿಲ್ಲದೆ ಮುಂದೆ ಹೋಗಲು ಸಿ. ರೀಸೆಟ್ ಎಂದರೆ ಇದ್ದ ಪಟ್ಟಿಯನ್ನು ತೆಗೆದು, ಮೇಲಿನ ಡ್ರೈವಿನಿಂದ ಸಹಜವಾಗಿ ಇಳಿದು ಬರುವ ಅನುಮತಿಯನ್ನೇ ಕೊಡುವುದು. ಈ ಕೆಲಸವನ್ನು ಬೇಕೆಂದೇ ರಾತ್ರಿಗೆ ಇಟ್ಟುಕೊಂಡಿದ್ದೆ. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ. ನಡುವೆ ನಿಂತರೆ ಕಡತಗಳೇನೂ ಹಾಳಾಗುವುದಿಲ್ಲ, ಅರ್ಧಕ್ಕೆ ಒಂದು ಅನುಮತಿ, ಇನ್ನರ್ಧಕ್ಕೆ ಇನ್ನೊಂದು ಆಗುತ್ತದೆ. ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಸರಿಹೋಗುತ್ತದೆ. ಕಪ್ಪು ಪರದೆಯಲ್ಲಿ ಕಡತಗಳ ಹೆಸರು ಬಹಳ ಹೊತ್ತು ಓಡಿ, ಕೊನೆಯ ಸಾಲಿನಲ್ಲಿ ವಿಫಲವಾದವು ಸೊನ್ನೆ ಎಂದು ಬಂದಿತು.

ಇಲ್ಲಿ ಒಂದು ಮಾತು. ಫೋಲ್ಡರಿನ ಪ್ರಾಪರ್ಟೀಸಿನಲ್ಲಿ "ರೀಡ್ ಓನ್ಲಿ" ಎಂಬ ಚೌಕ ತುಂಬಿದಂತೆ ಕಾಣುತ್ತದೆ. ಅದನ್ನು ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ತಮ್ಮನ ಗೆಳೆಯರು ಹೇಳಿದ್ದರು. ತೆಗೆದು ಓಕೆ ಒತ್ತಿ ಮತ್ತೆ ನೋಡಿದರೆ ಅದು ಹಾಗೆಯೇ ಇರುತ್ತದೆ. ಇದು ದೋಷವಲ್ಲ. ಆ ಚೌಕ ಅನ್ವಯಿಸುವುದು ಒಳಗಿನ ಕಡತಗಳಿಗೆ. ಫೋಲ್ಡರಿನ ಮಟ್ಟದಲ್ಲಿ ವಿಂಡೋಸ್ ಆ ಗುರುತನ್ನು, ಫೋಲ್ಡರಿಗೆ ವಿಶೇಷ ಚಿತ್ರ ಅಥವಾ ನೋಟ ಕೊಟ್ಟಿದೆಯೇ ಎಂದು ನೆನಪಿಟ್ಟುಕೊಳ್ಳಲು ಬಳಸುತ್ತದೆ. ಬೀಗಕ್ಕೂ ಅದಕ್ಕೂ ಸಂಬಂಧವಿಲ್ಲ. ಎಷ್ಟೋ ಜನ ಇಡೀ ಸಂಜೆಯನ್ನು ಆ ಚೌಕದ ಮೇಲೆ ಕಳೆಯುತ್ತಾರೆ, ನೋಡಿದಾಗ ಸಂಕಟವಾಗುತ್ತದೆ.

ಇನ್ನು ಇ ಡ್ರೈವಿನ ಕಥೆ. ಹಳೆಯ ಖಾತೆಯ ಡಾಕ್ಯುಮೆಂಟ್ಸ್ ಅಲ್ಲಿತ್ತು. ಈ ಆಟ ತನ್ನ ಪ್ರೊಫೈಲುಗಳನ್ನೂ ಮಾಡ್‌ಗಳನ್ನೂ ಇಡುವುದು ಅದರೊಳಗೆ. ಅದು "ಕಂಟಿನ್ಯೂ" ಒತ್ತಿದಾಗಲೇ, ಹಸಿರು ಪಟ್ಟಿ ನಿಧಾನವಾಗಿ ತುಂಬಿ, ತೆರೆದುಕೊಂಡಿತು. ಡಿ ತೆರೆಯದೆ ಇದು ತೆರೆದದ್ದೇಕೆ? ಬಳಕೆದಾರರ ಫೋಲ್ಡರಿನ ಪಟ್ಟಿಯಲ್ಲಿ ವಿಂಡೋಸ್ ತಾನಾಗಿಯೇ ಅಡ್ಮಿನಿಸ್ಟ್ರೇಟರುಗಳ ಗುಂಪನ್ನೂ ಬರೆದಿರುತ್ತದೆ. ಆ ಗುಂಪಿನ ಸಂಖ್ಯೆ ಎಸ್-1-5-32-544, ಇದು ಎಲ್ಲ ವಿಂಡೋಸಿನಲ್ಲೂ ಒಂದೇ. ಹೊಸದಾಗಿ ಹಾಕಿದರೂ ಬದಲಾಗುವುದಿಲ್ಲ. ತಮ್ಮ ಡಿಯಲ್ಲಿ ಆ ಸಾಲನ್ನು ತೆಗೆದುಹಾಕಿದ್ದರಿಂದಲೇ ಇಷ್ಟೆಲ್ಲ ಆದದ್ದು.

ಮಾಡ್‌ಗಳ ಫೋಲ್ಡರನ್ನು ಹೊಸ ಸಿಗೆ ಕತ್ತರಿಸಿ ಅಂಟಿಸಲು ಹೋದಾಗ ಮಾತ್ರ ಮತ್ತೆ ತಡೆ ಬಂದಿತು. ಓದಲು ಬರುತ್ತದೆ, ನಕಲು ಆಗುತ್ತದೆ, ಅಳಿಸಲು ಬರುವುದಿಲ್ಲ. ಹೆಸರು ಬದಲಿಸಲೂ ಬರುವುದಿಲ್ಲ. ಪಟ್ಟಿ ಓದಿದರೆ "ಎವೆರಿವನ್" ಮುಂದೆ ಡಿನೈ ಎಂಬ ಪದ, ಅಳಿಸುವ ಹಕ್ಕುಗಳಿಗೆ ಮಾತ್ರ. ಕೆಳಗಿನ ಸಾಲಿನಲ್ಲಿ ನಮಗೆ ಪೂರ್ಣ ಅಧಿಕಾರ ಇದ್ದರೂ ನೇರವಾಗಿ ಬರೆದ ನಿರಾಕರಣೆಯ ಸಾಲನ್ನು ವಿಂಡೋಸ್ ಮೊದಲು ಓದುತ್ತದೆ, ಅಲ್ಲಿಯೇ ನಿಲ್ಲುತ್ತದೆ. ಎಷ್ಟು ಅನುಮತಿ ಸೇರಿಸಿದರೂ ಫಲವಿಲ್ಲ, ಆ ಸಾಲನ್ನೇ ತೆಗೆಯಬೇಕು. "ಎವೆರಿವನ್" ಎಂಬುದೂ ಎಲ್ಲ ವಿಂಡೋಸಿಗೆ ಸಮಾನವಾದ ಸಂಖ್ಯೆ, ಆದ್ದರಿಂದ ಖಾತೆ ಅಳಿದರೂ ಈ ಸಾಲು ಕೆಲಸ ಮಾಡುತ್ತಲೇ ಇತ್ತು.

ಆಗ ತಮ್ಮನಿಗೆ ನೆನಪಾಯಿತು, ಮಕ್ಕಳು ಅಳಿಸಬಾರದೆಂದು ಇದನ್ನೂ ತಾನೇ ಹಾಕಿದ್ದು. ಆಮೇಲೆ ಅವನಿಗೂ ಹಳೆಯ ಬಸ್ಸಿನ ಜಾಗದಲ್ಲಿ ತಿದ್ದಿದ ಬಸ್ಸನ್ನು ಇಡಲು ಬರುತ್ತಿರಲಿಲ್ಲವಂತೆ. ಪ್ರತಿ ಸಲ ಹೊಸ ಅಂಕಿ ಹಾಕಿ ಬೇರೆ ಕಡತವಾಗಿ ಸೇರಿಸುತ್ತಿದ್ದ. ಹೀಗಾಗಿ ಆ ಫೋಲ್ಡರಿನಲ್ಲಿ ಅವನ ಎಲ್ಲ ಬಸ್ಸುಗಳೂ ಸಾಲಾಗಿ ನಿಂತಿವೆ. ಮೊದಲಿನದರಲ್ಲಿ "ಸಿಂಧನೂರು" ಎಂಬುದರ ದೀರ್ಘ ಬಿಟ್ಟುಹೋಗಿದೆ. ನಡುವೆ ಒಂದರಲ್ಲಿ ಬಣ್ಣ ತೀರ ಗಾಢವಾಗಿದೆ. ಕೊನೆಯದು ನಮ್ಮ ಬಸ್ ನಿಲ್ದಾಣದಲ್ಲಿ ನಿಂತಿರುವ ಬಸ್ಸಿನಂತೆಯೇ ಇದೆ. ಆ ನಿರಾಕರಣೆಯ ಸಾಲನ್ನು ನಾನು ತೆಗೆಯಲಿಲ್ಲ. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಫೋಲ್ಡರನ್ನು ನಕಲು ಮಾಡಿ ಹೊಸ ಡಾಕ್ಯುಮೆಂಟ್ಸಿಗೆ ಹಾಕಿ, ಹಳೆಯದನ್ನು ಇದ್ದಲ್ಲಿಯೇ ಬಿಟ್ಟೆವು. ನಕಲಿಸಿದ ಪ್ರತಿ ಹೊಸ ಜಾಗದ ಅನುಮತಿಯನ್ನೇ ಪಡೆಯುತ್ತದೆ, ಹಳೆಯ ಸಾಲು ಹಿಂದೆಯೇ ಉಳಿಯುತ್ತದೆ.

ಆಟವನ್ನು ಮತ್ತೆ ಇಳಿಸಿಕೊಳ್ಳುವ ಅಗತ್ಯ ಬರಲಿಲ್ಲ. ಆಟಗಳನ್ನು ಕೊಂಡು ಇಳಿಸಿಕೊಳ್ಳುವ ತಂತ್ರಾಂಶವಾದ ಸ್ಟೀಮಿನಲ್ಲಿ ಡಿಯ ಫೋಲ್ಡರನ್ನು ಲೈಬ್ರರಿಯಾಗಿ ಸೇರಿಸಿ, ಕಡತಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಆಯ್ಕೆ ಕೊಟ್ಟರೆ ಇದ್ದದ್ದನ್ನೇ ಗುರುತಿಸಿತು.

ಆಟ ಶುರುವಾದರೂ ಪ್ರೊಫೈಲ್ ಉಳಿಯುತ್ತಿರಲಿಲ್ಲ. ಇದು ಫೋಲ್ಡರಿನ ಅನುಮತಿಯದಲ್ಲ ಎಂದು ಬೇಗ ತಿಳಿಯಿತು, ಏಕೆಂದರೆ ನೋಟ್‌ಪ್ಯಾಡಿನಿಂದ ಅದೇ ಜಾಗದಲ್ಲಿ ಕಡತ ಉಳಿಸಿದರೆ ಉಳಿಯುತ್ತಿತ್ತು. ವಿಂಡೋಸ್ ಸೆಕ್ಯೂರಿಟಿಯ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಆಟದ ಹೆಸರು ತಡೆಹಿಡಿದವುಗಳ ಪಟ್ಟಿಯಲ್ಲಿ ಕಂಡಿತು. 2017ರಿಂದ ವಿಂಡೋಸಿನಲ್ಲಿ "ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್" ಎಂಬ ಕಾವಲು ಇದೆ. ಕಡತಗಳನ್ನು ಬಂಧಿಸಿ ಹಣ ಕೇಳುವ ವೈರಸ್ಸುಗಳ ವಿರುದ್ಧ ಡಾಕ್ಯುಮೆಂಟ್ಸ್ ಮೊದಲಾದ ಫೋಲ್ಡರುಗಳಿಗೆ ಅಪರಿಚಿತ ತಂತ್ರಾಂಶಗಳು ಬರೆಯದಂತೆ ತಡೆಯುತ್ತದೆ. ನಮ್ಮಲ್ಲಿ ಅದು ಆನ್ ಆಗಿತ್ತು. ಅದನ್ನು ಆಫ್ ಮಾಡದೆ, ಈ ಆಟವೊಂದಕ್ಕೆ ಅದರಲ್ಲೇ ಒಪ್ಪಿಗೆ ಕೊಟ್ಟೆ. ನನ್ನ ಲೆಕ್ಕಪತ್ರಗಳೂ ಇದೇ ಕಂಪ್ಯೂಟರಿನಲ್ಲಿವೆ. ಒಂದು ಆಟಕ್ಕಾಗಿ ಮನೆಯ ಕಾವಲನ್ನೇ ಎತ್ತುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇಷ್ಟಾದ ಮೇಲೆ ತಮ್ಮನಿಗೆ ಹುರುಪು ಬಂದು, ಪ್ರೋಗ್ರಾಂ ಫೈಲ್ಸ್ ಒಳಗೆ ತೆರೆಯದೆ ಇರುವ "ವಿಂಡೋಸ್ ಆ್ಯಪ್ಸ್" ಫೋಲ್ಡರನ್ನೂ ಹೀಗೆಯೇ ತೆರೆಯೋಣ ಎಂದ. ಬೇಡವೆಂದೆ. ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿದ ತಂತ್ರಾಂಶಗಳು ಅಲ್ಲಿರುತ್ತವೆ, ಅದರ ಮಾಲೀಕ ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ವಿಂಡೋಸಿನದೇ ಸೇವೆ. ಅಲ್ಲಿ ಮಾಲೀಕತ್ವ ಕಿತ್ತುಕೊಂಡರೆ ಸ್ಟೋರಿನ ತಂತ್ರಾಂಶಗಳು ತೆರೆಯದೆ ಹೋಗಬಹುದು, ನವೀಕರಣ ನಿಲ್ಲಬಹುದು. ಆ ಬೀಗದ ಕೀಲಿ ಕಳೆದಿಲ್ಲ, ಇಟ್ಟುಕೊಂಡವರು ಅಲ್ಲೇ ಇದ್ದಾರೆ.

ಡಿಯ ಫೋಲ್ಡರಿಗೆ ಕಾವಲು ಮತ್ತೆ ಬೇಕೆಂದು ತಮ್ಮ ಪಟ್ಟು ಹಿಡಿದ, ಅದು ನ್ಯಾಯವೇ. ಈ ಸಲ ಪಟ್ಟಿಯನ್ನು ನಾವಿಬ್ಬರೂ ಕೂತು ಬರೆದೆವು. ಮೇಲಿನಿಂದ ಇಳಿದು ಬರುವ ಅನುಮತಿಯನ್ನು ನಿಲ್ಲಿಸಿ ಮೂರು ಸಾಲು ಹಾಕಿದೆವು: ಅಡ್ಮಿನಿಸ್ಟ್ರೇಟರುಗಳ ಗುಂಪಿಗೆ ಪೂರ್ಣ ಅಧಿಕಾರ, ವಿಂಡೋಸಿನದೇ ಒಳಗಿನ ಖಾತೆಯಾದ ಸಿಸ್ಟಂಗೆ ಪೂರ್ಣ ಅಧಿಕಾರ, ತಮ್ಮನ ಖಾತೆಗೆ ಮಾಡಿಫೈ. ಆಟ ಆಡಲು, ಉಳಿಸಲು, ಅಳಿಸಲು ಮಾಡಿಫೈ ಸಾಕು. ಮುಂದೆ ಯಾವಾಗಲಾದರೂ ವಿಂಡೋಸ್ ಹೊಸದಾಗಿ ಹಾಕಿದರೆ ಮೂರನೆಯ ಸಾಲು ಮತ್ತೆ ಬರಿಯ ಸಂಖ್ಯೆಯಾಗುತ್ತದೆ, ಮೊದಲ ಸಾಲು ಉಳಿಯುತ್ತದೆ, "ಕಂಟಿನ್ಯೂ" ಒತ್ತಿದರೆ ಬಾಗಿಲು ತೆರೆಯುತ್ತದೆ. ಜನವರಿಯ ಜಾತ್ರೆಗೆ ಬರುವ ಮಕ್ಕಳಿಗಾಗಿ ಅಡ್ಮಿನಿಸ್ಟ್ರೇಟರ್ ಅಲ್ಲದ ಬೇರೆ ಖಾತೆಯೊಂದನ್ನು ತೆರೆದಿಟ್ಟಿದ್ದೇವೆ. ಅದರಿಂದ ಒಮ್ಮೆ ಒಳಹೊಕ್ಕು ಡಿಯ ಫೋಲ್ಡರಿನ ಮೇಲೆ ಒತ್ತಿ ನೋಡಿದೆವು. ಅಡ್ಮಿನಿಸ್ಟ್ರೇಟರಿನ ಪಾಸ್‌ವರ್ಡ್ ಕೇಳಿತು.